ಕೊಳೆಯುವ ಹಣ್ಣು, ಕೊಳೆಯದ ಹಣ್ಣು

ಹಲಸಿನ ಹಣ್ಣನ್ನು ಒಬ್ಬರೇ ತಿಂದು ಮುಗಿಸೋಕೆ ಆಗಲ್ಲ. ಸಾಧಾರಣ ಹಣ್ಣೇ ಹತ್ತು ಕೆಜಿ ದಾಟುತ್ತೆ. ಹಣ್ಣಾದ ಮೇಲೆ ಅದು ಯಾರಿಗೂ ಕಾಯೋದೂ ಇಲ್ಲ. ಇವತ್ತು ಮನೆ ತುಂಬಾ ಪರಿಮಳ, ಮೂರು ದಿನ ಬಿಟ್ಟರೆ ಅದೇ ಪರಿಮಳ ಹುಳಿ ವಾಸನೆ. ಹಾಗಾಗಿ ಹಳ್ಳಿಗಳಲ್ಲಿ ಹಲಸು ಬಿಡಿಸೋ ದಿನ ಯಾರನ್ನೂ ಹೇಳಿ ಕಳಿಸಿ ಕರೆಯಬೇಕಿಲ್ಲ. ವಾಸನೆಯೇ ಕರೆಯುತ್ತೆ. ಕೈಗೆ ಎಣ್ಣೆ ಸವರಿಕೊಂಡು ನಾಲ್ಕು ಜನ ಕೂರ್ತಾರೆ, ತಿಂದಷ್ಟು ತಿಂದು ಉಳಿದದ್ದು ಪಕ್ಕದ ಮನೆಗೆ, ಸಿಪ್ಪೆ ದನಕ್ಕೆ. ಇದನ್ನು ಯಾರೂ ದಾನ ಅನ್ನಲ್ಲ. ಕೊಡದಿದ್ದರೆ ಕೊಳೆಯುತ್ತೆ, ಅಷ್ಟೇ.

ಅದೇ ಹಣ್ಣು ಬಸ್ಸು ಹತ್ತಿ ಬೆಂಗಳೂರಿನ ಫ್ಲ್ಯಾಟಿಗೆ ಬಂದರೆ ಸೋರ್ಬೆ ಆಗುತ್ತೆ. ಸೋರ್ಬೆ ಅಂದ್ರೆ ಹಾಲು, ಕೆನೆ ಏನೂ ಇಲ್ಲದ, ಬರೀ ಹಣ್ಣು-ಸಕ್ಕರೆಯ ಐಸ್. ತಿನ್ನೋಕೆ ಬಕ್ಕೆ ಹಲಸೇ ಸರಿ, ಆದ್ರೆ ಇದಕ್ಕೆ ಮೆತ್ತಗಿನ ಅಂಬಲಿ ಹಲಸು ವಾಸಿ, ನಾರು ಸೋಸಿಕೊಂಡರಾಯ್ತು. ಅರ್ಧ ಕೆಜಿ ತೊಳೆಗೆ 100 ಗ್ರಾಂ ಸಕ್ಕರೆ, ಅರ್ಧ ಕಪ್ ನೀರು, ಒಂದು ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು. ಎಲ್ಲ ರುಬ್ಬಿ ಫ್ರೀಜರಿಗಿಡಿ. ಗಂಟೆಗೊಂದು ಸಲ ಫೋರ್ಕಿನಿಂದ ಕೆರೆದರೆ ಮಂಜಿನ ಹರಳು ದಪ್ಪ ಆಗಲ್ಲ. 'ಡಯಟ್' ಅಂತ ಸಕ್ಕರೆ ಬಿಡಬೇಡಿ. ಅದು ಬರೀ ಸಿಹಿಗಲ್ಲ. ನೀರಲ್ಲಿ ಕರಗಿದ ಸಕ್ಕರೆ ಹೆಪ್ಪುಗಟ್ಟುವ ಉಷ್ಣತೆಯನ್ನ ಇಳಿಸುತ್ತೆ, ಹಾಗಾಗಿ ಮೈನಸ್ 18 ಡಿಗ್ರಿಯಲ್ಲೂ ಸ್ವಲ್ಪ ನೀರು ದ್ರವವಾಗೇ ಉಳಿದು ಚಮಚ ಒಳಗಿಳಿಯುತ್ತೆ. ಇಲ್ಲಾಂದ್ರೆ ಕಲ್ಲು.

ಇಷ್ಟು ಮಾಡಿಟ್ಟರೆ ಜೂನ್ ತಿಂಗಳ ಹಲಸು ದೀಪಾವಳಿಗೂ ಸಿಗುತ್ತೆ. ನನಗೆ ಕಾಡೋದು ಇಲ್ಲೇ. ಹಣ್ಣಿನ ಅವಸರ ಹೋಯ್ತು, ಅದರ ಜೊತೆಗೆ ಎದುರು ಮನೆ ಬಾಗಿಲು ತಟ್ಟುವ ಅವಸರವೂ ಹೋಯ್ತು. ಯಾರೂ ಸ್ವಾರ್ಥಿಗಳಾಗಲಿಲ್ಲ. ಕೊಡಲೇಬೇಕಾದ ಕಾರಣ ಮಾತ್ರ ಇಲ್ಲವಾಯ್ತು.

17ನೇ ಶತಮಾನದ ಇಂಗ್ಲೆಂಡಿನ ಜಾನ್ ಲಾಕ್ ಆಸ್ತಿಯ ಬಗ್ಗೆ ಬರೆಯುವಾಗ ಈ ಕೊಳೆಯುವಿಕೆಯನ್ನೇ ಅಳತೆಗೋಲು ಮಾಡಿಕೊಂಡಿದ್ದ. ಕೆಡುವ ಮುಂಚೆ ಎಷ್ಟು ಬಳಸಬಲ್ಲೆಯೋ ಅಷ್ಟೇ ನಿನ್ನದು, ಅದಕ್ಕಿಂತ ಹೆಚ್ಚಿನದು ಬೇರೆಯವರ ಪಾಲು ಅನ್ನೋದು ಅವನ ವಾದ. ಅವನು ಕೊಟ್ಟ ಉದಾಹರಣೆಯೂ ಹಣ್ಣೇ. ವಾರದಲ್ಲಿ ಕೊಳೆಯುವ ಪ್ಲಮ್ ಹಣ್ಣು ಕೊಟ್ಟು ವರ್ಷ ಬಾಳುವ ಕಾಯಿಬೀಜ ತಗೊಂಡರೆ ಯಾರಿಗೂ ಅನ್ಯಾಯವಿಲ್ಲ. ಕಾಯಿಬೀಜ ಕೊಟ್ಟು ಮಿನುಗುವ ಲೋಹದ ತುಂಡು ತಗೊಂಡರೂ ಇಲ್ಲ. ಹಾಗೇ ದುಡ್ಡು ಬಂತು. ದುಡ್ಡು ಕೊಳೆಯಲ್ಲ, ಹಾಗಾಗಿ ಕೂಡಿಡೋಕೆ ಮಿತಿಯೂ ಉಳಿಯಲಿಲ್ಲ. ಲಾಕ್‌ಗೆ ಇದರಲ್ಲಿ ತಪ್ಪು ಕಾಣಲಿಲ್ಲ, ಕೆಟ್ಟು ಹಾಳಾಗೋದು ತಪ್ಪಿತಲ್ಲ ಅಂದುಕೊಂಡ. ಅವನ ಹತ್ರ ಫ್ರೀಜರ್ ಇರಲಿಲ್ಲ. ಈಗ ಪ್ಲಮ್ ಹಣ್ಣನ್ನೇ ದುಡ್ಡಿನ ಥರ ಇಟ್ಟುಕೊಳ್ಳಬಹುದು.

ಹಪ್ಪಳ, ಉಪ್ಪುನೀರಲ್ಲಿಟ್ಟ ಸೊಳೆ, ಉಪ್ಪಿನಕಾಯಿ ಇವೂ ಕೂಡಿಡೋದೇ ತಾನೆ ಅಂತ ಕೇಳಬಹುದು. ಹೌದು. ಆದ್ರೆ ಹಪ್ಪಳ ಒಬ್ಬರ ಕೈಯಲ್ಲಿ ಆಗೋ ಕೆಲಸ ಅಲ್ಲ. ಅಕ್ಕಪಕ್ಕದವರು ಬಂದು ಒತ್ತಬೇಕು, ಒತ್ತಿದವರಿಗೆ ಒಂದಿಷ್ಟು ಹೋಗುತ್ತೆ. ಸೋರ್ಬೆಗೆ ನಾನು ಮತ್ತು ಮಿಕ್ಸಿ ಸಾಕು.

ಹಾಗಂತ ಹಳ್ಳಿಯ ಹಂಚಿಕೆಯನ್ನ ಹೊಗಳ್ತಾ ಕೂರೋಕೆ ನನಗಿಷ್ಟ ಇಲ್ಲ. ಯಾರು ಜಗಲಿಯಲ್ಲಿ ಕೂತು ತಿಂತಿದ್ರು, ಯಾರಿಗೆ ಹಿತ್ತಿಲ ಬಾಗಿಲಲ್ಲಿ ಎಲೆ ಮೇಲೆ ಹಾಕಿ ಕೊಡ್ತಿದ್ರು ಅನ್ನೋದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಒಳ್ಳೆ ತೊಳೆ ಒಳಗೆ, ಮೆತ್ತಗಾದದ್ದು ಹೊರಗೆ. ಕೊಳೆಯುತ್ತೆ ಅನ್ನೋ ಭಯ ಕೊಡುವಂತೆ ಮಾಡುತ್ತೆ ನಿಜ. ಯಾರಿಗೆ, ಯಾವ ಬಾಗಿಲಲ್ಲಿ, ಯಾವುದನ್ನ ಅನ್ನೋದನ್ನ ಅದು ಹೇಳಲ್ಲ. ಆ ಲೆಕ್ಕದಲ್ಲಿ ಫ್ರೀಜರ್ ನನಗೆ ಒಂದು ಒಳ್ಳೇದೂ ಮಾಡಿದೆ. ಈಗ ನಾನು ಕೊಟ್ಟರೆ ಅದು ಕೊಳೆಯೋ ಮುಂಚೆ ಸಾಗಹಾಕಿದ್ದಲ್ಲ. ಇಟ್ಟುಕೊಳ್ಳಬಹುದಿತ್ತು, ಆದರೂ ಕೊಟ್ಟೆ. ಕೊಡದೇ ಇದ್ದರೂ ಅದು ನನ್ನದೇ ತೀರ್ಮಾನ, ಹಣ್ಣಿನ ಮೇಲೆ ಹಾಕೋ ಹಾಗಿಲ್ಲ.

ಇನ್ನೊಂದು ವಿಷಯ, ಮಾಡಿದ ಮೇಲೇ ಗೊತ್ತಾಗೋದು. ಸೋರ್ಬೆಯನ್ನ ಡಬ್ಬಿಗೆ ಹಾಕಿ ಕಳಿಸೋಕೆ ಆಗಲ್ಲ. ಫ್ರೀಜರಿಂದ ತೆಗೆದರೆ ಹೆಚ್ಚೆಂದರೆ ಹತ್ತು ನಿಮಿಷ, ಆಮೇಲೆ ಪಾಯಸ. ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಡೆಲಿವರಿ ಹುಡುಗನ ಕೈಲಿ ಕೊಟ್ಟರೆ ಸಿಲ್ಕ್ ಬೋರ್ಡ್ ಹತ್ರಾನೇ ಕರಗಿರುತ್ತೆ. ಕೊಡಬೇಕಂದ್ರೆ ಮನೆಗೇ ಕರೀಬೇಕು, ಒಳಗೆ ಕೂರಿಸಬೇಕು, ಅವರು ತಿನ್ನೋವರೆಗೂ ಎದುರಿಗಿರಬೇಕು. ಹಿತ್ತಿಲ ಬಾಗಿಲಲ್ಲಿ ಕೊಡುವ ಹಾಗಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ ಪಾಳಿ ಬದಲಾಗೋದು ರಾತ್ರಿ ಎಂಟಕ್ಕೆ. ಅದಕ್ಕೆ ಐದು ನಿಮಿಷ ಮುಂಚೆ ಬಟ್ಟಲು ತೆಗೆದಿಟ್ಟರೆ ಸರಿಹೋಗುತ್ತೆ. ಲಿಫ್ಟ್ ಹತ್ತಿ ಮೇಲೆ ಬರೋಕೆ ಮೊದಲ ಸಲ ಒಪ್ಪಲಿಲ್ಲ, ಕೆಳಗೇ ಕೊಡಿ ಸಾರ್ ಅಂದ್ರು. ಕರಗಿಬಿಡುತ್ತೆ ಅಂದೆ.