ಗೈರುಹಾಜರಿಯೆಂಬ ಅಭಾವ

ಹುಡುಗನು ಶಾಲೆಗೆ ಬಾರದ ದಿನ ಹಾಜರೀಪಟದಲ್ಲಿ ಒಂದು ಗುರುತು ಬೀಳುವದು. ಅದು ಹುಡುಗನ ದೋಷವನ್ನು ಹೇಳುವದೋ ಹಿರಿಯರ ಹೊಣೆಯನ್ನು ಹೇಳುವದೋ ಎಂಬುದು ವಿಚಾರಾರ್ಹವಾದ ಪ್ರಶ್ನೆಯು.

ಇಂಗ್ಲಂಡಿನಲ್ಲಿ ದಿನಕ್ಕೆರಡು ಸಲ ಹಾಜರಿ ಹಿಡಿಯುವರು. ಬೇನೆ, ಪರವಾನಗಿ ಪಡೆದ ಗೈರು, ಪರವಾನಗಿಯಿಲ್ಲದ ಗೈರು, ಒಂದೊಂದಕ್ಕೂ ಬೇರೆ ಸಂಕೇತವುಂಟು. ನಿಷ್ಕಾರಣವಾಗಿ ತಪ್ಪಿಸಿದರೆ ದಂಡವು ತಾಯಿತಂದೆಗಳಿಗೆ ಬೀಳಬಹುದು. ಜಪಾನದಲ್ಲಿ ಬೇನೆ ಬಡತನಗಳ ಕಾರಣವಿಲ್ಲದೆ ವರುಷಕ್ಕೆ 30 ದಿನ ಬಾರದವರನ್ನು ಪ್ರತ್ಯೇಕವಾಗಿ ಎಣಿಸುವರು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕಿನ ಕಾಯದೆಯು 6ರಿಂದ 14 ವರುಷದ ಮಕ್ಕಳ ಹಾಜರಿಯ ಭಾರವನ್ನು ಸರಕಾರದ ಮೇಲೂ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸಿರುವದು.

ಆದರೆ ಬೈಲಹೊಂಗಲದ ಸೀಮೆಯ ಹತ್ತಿ ಬಿಡಿಸುವ ಕೆಲಸ, ಕಿತ್ತೂರ ಕಡೆಯ ಕಬ್ಬು ಕಡಿಯುವ ಹಂಗಾಮು, ರಾಮದುರ್ಗದ ಮಗ್ಗ, ಸವದತ್ತಿಯ ಭಾರತ ಹುಣ್ಣಿವೆಯ ಎಲ್ಲಮ್ಮನ ಜಾತ್ರೆ, ಹೀಗೆ ಕಾರಣಗಳು ನಾಲ್ಕಾದರೂ ನಮ್ಮ ಪಟದ ಗುರುತು ಒಂದೇ.

ನೈಯಾಯಿಕರು ಅಭಾವವನ್ನೂ ಒಂದು ಪದಾರ್ಥವೆಂದು ಗಣಿಸಿದರು. ಯಾವದರ ಅಭಾವವೋ ಆ ಪ್ರತಿಯೋಗಿಯನ್ನು ಅರಿಯದವನಿಗೆ ಅಭಾವವೂ ತಿಳಿಯದೆಂಬುದು ಅವರ ಮತವು. ಗಡಿಗೆಯೆಂದರೇನೆಂದು ಅರಿಯದವನು ಇಲ್ಲಿ ಗಡಿಗೆಯಿಲ್ಲವೆಂದು ಹೇಳಲಾರನು. ಅದರಂತೆ ಹುಡುಗನ ಮನೆ, ದುಡಿಮೆ, ಹಸಿವೆಗಳನ್ನು ಅರಿಯದ ಶಾಲೆಯು ಅವನ ಗೈರುಹಾಜರಿಯನ್ನೂ ಅರಿಯದು; ತೆರವಾದ ಸ್ಥಳವನ್ನಷ್ಟೇ ಎಣಿಸುವದು.

ಹಾಗೆಂದು ಎಣಿಕೆಯು ವ್ಯರ್ಥವಾಗದು. ಎಣಿಸದಿದ್ದರೆ ಆ ಹುಡುಗನು ಯಾರ ನೆನಪಿಗೂ ಬಾರನು. ಗುರುತು ಬಿದ್ದ ಸಂಜೆಯೇ ಒಬ್ಬರು ಅವನ ಮನೆಯ ಬಾಗಿಲಿಗೆ ಹೋಗಿ ವಿಚಾರಿಸುವದು ಮೊದಲಿನ ಧರ್ಮವು. ದಂಡವು ಅನಂತರದ ಮಾತು.