ರಜೆಯೂ ಬಿಡುವೂ

‘ರಜೆ’ ಎಂಬ ಮಾತು ನಮ್ಮ ನುಡಿಯಲ್ಲಿ ಎಷ್ಟು ಬೆರೆತುಹೋಗಿದೆಯೆಂದರೆ, ಅದು ಹೊರಗಿನಿಂದ ಬಂದದ್ದೆಂಬುದೇ ನಮಗೆ ಮರೆತಿದೆ. ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ಹಿಂದೂಸ್ತಾನಿಗಳನ್ನು ಹಾದು ನಮ್ಮ ಕಚೇರಿಗಳನ್ನು ಹೊಕ್ಕ ಆ ಮಾತಿಗೆ ಮೂಲದಲ್ಲಿ ಒಪ್ಪಿಗೆ, ಸಮ್ಮತಿ ಎಂದು ಅರ್ಥ. ಮೇಲಿನವರು ಒಪ್ಪಬೇಕು, ಕೆಳಗಿನವರು ಹೊರಡಬೇಕು. ‘ಬಿಡುವು’ ಹಾಗಲ್ಲ, ಅದು ಅಚ್ಚಗನ್ನಡದ್ದು, ‘ಬಿಡು’ ಎಂಬ ಧಾತುವಿನಿಂದ ಬಂದದ್ದು. ರಜೆಯನ್ನು ಇನ್ನೊಬ್ಬರು ಕೊಡಬಹುದು. ಬಿಡುವನ್ನು ಕೊಡುವವರಿಲ್ಲ, ಹಿಡಿದದ್ದನ್ನು ನಾವೇ ಬಿಡಬೇಕು. ಮೂವತ್ತು ದಿನ ಗಳಿಕೆ ರಜೆ ಪಡೆದು, ಮೂವತ್ತು ದಿನವೂ ಕಚೇರಿಯ ಕಡತಗಳನ್ನೇ ಮೆಲುಕುಹಾಕುವ ಮಹನೀಯರನ್ನು ಎಲ್ಲರೂ ಕಂಡಿರುತ್ತಾರೆ. ರಜೆಯೆಂಬುದನ್ನೇ ಕಾಣದ ನಮ್ಮೂರಿನ ರೈತ ಕಣದ ಬದಿಯ ಹೊಂಗೆಯ ನೆರಳಿನಲ್ಲಿ ಅರ್ಧ ಗಂಟೆ ಕಾಲು ಚಾಚಿದನೆಂದರೆ ಅದು ಪೂರ್ತಿ ಬಿಡುವು.

ಇದು ಕನ್ನಡ ಮೇಷ್ಟರ ನಿಘಂಟಿನ ಹರಟೆಯೆಂದು ಓದುಗರು ಪುಟ ತಿರುವಬಾರದು. ಈ ಎರಡು ಮಾತುಗಳ ನಡುವೆ ಒಂದು ಧರ್ಮಸೂಕ್ಷ್ಮವಿದೆ. ಯಾವ ಪ್ರಯೋಜನವೂ ಇಲ್ಲದೆ, ಕೇವಲ ತಮ್ಮ ಸಂತೋಷಕ್ಕಾಗಿ, ಮನೆಯಲ್ಲಿ ವಯಸ್ಸಾದವರನ್ನು ಬಿಟ್ಟು, ಗಂಡಹೆಂಡಿರು ಸಮುದ್ರದಾಚೆಗೆ ಹೋಗಿಬರುವುದು ಸರಿಯೆ? ಸರಿಯಾದರೆ ಅದಕ್ಕೆ ಒಪ್ಪಿಗೆ ಕೊಡತಕ್ಕವರು ಯಾರು?

2025ರ ಮೇ ತಿಂಗಳ ನಡುವೆ ನಾನೂ ನನ್ನ ಹೆಂಡತಿಯೂ ಹದಿನೈದು ದಿನಗಳ ಮಟ್ಟಿಗೆ ನ್ಯೂಜಿಲೆಂಡಿಗೆ ಹೋಗಿಬಂದೆವು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಹೊರಡುವ ಮುನ್ನ ಕೇರಿಯಲ್ಲಿ, ಕಾಲೇಜಿನಲ್ಲಿ, ನೆಂಟರಲ್ಲಿ, ಕೇಳಿದವರೆಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಯಾರಿದ್ದಾರೆ?” ಯಾರೂ ಇಲ್ಲ ಎಂದರೆ ಅವರ ಮುಖದಲ್ಲಿ ಸಣ್ಣದೊಂದು ಗೊಂದಲ. ನಮ್ಮಂಥ ಮಧ್ಯಮವರ್ಗದವರು ವಿದೇಶಕ್ಕೆ ಹೋಗಲು ಸಮಾಜ ಒಪ್ಪಿದ ಕಾರಣಗಳು ಕೆಲವಿವೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋಗಬಹುದು. ವಿದ್ವತ್ ಗೋಷ್ಠಿಯೊಂದರಲ್ಲಿ ಪ್ರಬಂಧ ಓದಲು ಹೋಗಬಹುದು. ಕೈಲಾಸ ಮಾನಸಸರೋವರಕ್ಕೆ ಹೋದರಂತೂ ಬೀಳ್ಕೊಡಲು ಹಾರ ತರುತ್ತಾರೆ. ಮಗುವಿಲ್ಲ, ಕೆಲಸವಿಲ್ಲ, ದೇವರಿಲ್ಲ ಎಂದಾಗ ಮಾತ್ರ ಪ್ರಶ್ನೆ ಏಳುತ್ತದೆ. ಸಹೋದ್ಯೋಗಿಯೊಬ್ಬರು ಆ ದುಡ್ಡಿಗೆ ಎಷ್ಟು ಗ್ರಾಂ ಚಿನ್ನ ಬರುತ್ತಿತ್ತೆಂದು ಲೆಕ್ಕಹಾಕಿ, ಹಾಸ್ಟೆಲಿನಲ್ಲಿರುವ ನನ್ನ ಮಗಳ ಮದುವೆಯ ನೆನಪು ಮಾಡಿಕೊಟ್ಟರು. ಇಲಾಖೆಯ ಅನುಮತಿಗೆ ಅರ್ಜಿ ಬರೆಯುವಾಗಲೂ ‘ಪ್ರವಾಸದ ಉದ್ದೇಶ’ ಎಂಬ ಅಂಕಣವೊಂದಿತ್ತು. ‘ವಿಹಾರ’ ಎಂದು ಬರೆದೆ. ಗುಮಾಸ್ತರು ಅದನ್ನು ಎರಡು ಸಲ ಓದಿ, “ಸಾರ್, ‘ಸ್ವಂತ ಕೆಲಸ’ ಅಂತ ಹಾಕಿಬಿಡಿ, ಚೆನ್ನಾಗಿ ಕಾಣುತ್ತೆ” ಎಂದರು. ಅವರ ಸಲಹೆಯಲ್ಲಿ ತಿಳಿವಳಿಕೆಯಿತ್ತು. ಕೆಲಸವೆಂಬ ಹೆಸರಿಲ್ಲದೆ ಸುಖ ನಮ್ಮಲ್ಲಿ ಹೊಸ್ತಿಲು ದಾಟುವಂತಿಲ್ಲ.

ನಮ್ಮ ಹಿಂದಿನವರು ದಂಪತಿಗಳ ಪ್ರಯಾಣವನ್ನು ಹೇಗೆ ಕಲ್ಪಿಸಿದ್ದರೆಂಬುದನ್ನು ನೋಡಿ. ನಮ್ಮ ಕೆಲವು ಪಂಗಡಗಳ ಮದುವೆಗಳಲ್ಲಿ ಕಾಶಿಯಾತ್ರೆಯೆಂಬ ವಿನೋದವೊಂದು ನಡೆಯುತ್ತದೆ. ವರ ಕೊಡೆ ಹಿಡಿದು ಕಾಶಿಗೆ ಹೊರಟೆನೆನ್ನುತ್ತಾನೆ. ಹುಡುಗಿಯ ತಂದೆ ಅಡ್ಡಬಂದು, ಮಗಳನ್ನು ಕೊಡುತ್ತೇನೆ, ಗೃಹಸ್ಥನಾಗೆಂದು ತಿರುಗಿಸುತ್ತಾನೆ. ಅಂದರೆ ನಮ್ಮ ದಾಂಪತ್ಯ ಶುರುವಾಗುವುದೇ ಪ್ರಯಾಣವೊಂದನ್ನು ಕೈಬಿಡುವುದರಿಂದ! ಮುಂದೆ ಕಾಲ ಕೂಡಿಬಂದು ಇಬ್ಬರೂ ನಿಜವಾಗಿ ಕಾಶಿ ಪ್ರಯಾಗಗಳಿಗೆ ಹೋದರೆ ಅಲ್ಲಿಯೂ ಕರ್ಮವಿದೆ. ತ್ರಿವೇಣೀಸಂಗಮದ ದಡದಲ್ಲಿ ವೇಣೀದಾನವೆಂಬುದನ್ನು ದಕ್ಷಿಣದ ದಂಪತಿಗಳು ಮಾಡುತ್ತಾರೆ: ಗಂಡ ಹೆಂಡತಿಯ ತಲೆ ಬಾಚಿ, ಜಡೆ ಹೆಣೆದು, ತುದಿಯ ಕೂದಲನ್ನು ಕತ್ತರಿಸಿ ನದಿಗೆ ಅರ್ಪಿಸುತ್ತಾನೆ. ಬಹು ಸುಂದರವಾದ ಆಚಾರ. ಆದರೆ ಎಷ್ಟೋ ಗಂಡಂದಿರು ಇಡೀ ಜೀವಮಾನದಲ್ಲಿ ಹೆಂಡತಿಯ ತಲೆ ಬಾಚಿದ್ದು ಅದೊಂದೇ ದಿನವಿರಬೇಕು. ಅದಕ್ಕೂ ಶಾಸ್ತ್ರದ ಅಪ್ಪಣೆ ಬೇಕಾಯಿತು. ಸಂಸ್ಕೃತ ಹೆಂಡತಿಯನ್ನು ಸಹಧರ್ಮಿಣಿ ಎನ್ನುತ್ತದೆ. ಕೂಡಿ ಧರ್ಮವನ್ನು ನಡೆಸುವವಳು ಸರಿ. ಕೂಡಿ ಸುಮ್ಮನಿರುವವಳಿಗೆ ಯಾವ ಹೆಸರೋ ನಾನರಿಯೆ.

ಅದೇ ಪರಂಪರೆ ಇನ್ನೊಂದು ಕಡೆ ಉದ್ದೇಶವಿಲ್ಲದ ಆನಂದಕ್ಕೆ ಅತ್ಯುಚ್ಚ ಪೀಠವನ್ನು ಕೊಟ್ಟಿದೆ. ಯಾವ ಕೊರತೆಯೂ ಇಲ್ಲದ ಪರಮಾತ್ಮ ಈ ಜಗತ್ತನ್ನೇಕೆ ಸೃಷ್ಟಿಸಿದನೆಂಬ ಆಕ್ಷೇಪಕ್ಕೆ ಬ್ರಹ್ಮಸೂತ್ರದಲ್ಲಿ ದೊರೆಯುವ ಉತ್ತರ, ಅದು ಬರಿಯ ಲೀಲೆ ಎಂದು. ಪ್ರಯೋಜನ ನೋಡದ ಆಟ! ದೇವರಿಗೆ ಇಷ್ಟು ಧಾರಾಳವಾಗಿ ಬಿಟ್ಟುಕೊಟ್ಟ ಈ ಸವಲತ್ತನ್ನು ಮನೆಯ ಸೊಸೆಗೆ ಹದಿನೈದು ದಿನದ ಮಟ್ಟಿಗೆ ಬಿಟ್ಟುಕೊಡಲು ಏಕೆ ಹಿಂಜರಿಯುತ್ತೇವೋ ತಿಳಿಯದು.

ದುಡಿಯುವವನ ರಜೆಯ ಪ್ರಶ್ನೆಯನ್ನು ಕಳೆದ ಶತಮಾನ ತಕ್ಕಮಟ್ಟಿಗೆ ಇತ್ಯರ್ಥ ಮಾಡಿದೆ. 1936ರಲ್ಲಿ ಫ್ರಾನ್ಸಿನ ಕಾರ್ಮಿಕರಿಗೆ ಸಂಬಳಸಹಿತ ಎರಡು ವಾರಗಳ ರಜೆ ಶಾಸನದಿಂದ ದೊರೆಯಿತು. 1948ರ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿ ವಿರಾಮವನ್ನು ಮನುಷ್ಯನ ಹಕ್ಕುಗಳ ಸಾಲಿಗೇ ಸೇರಿಸಿತು. ಅದೇ ವರ್ಷದ ನಮ್ಮ ಕಾರ್ಖಾನೆಗಳ ಕಾಯಿದೆಯೂ ವೇತನಸಹಿತ ರಜೆಯನ್ನು ಕೊಟ್ಟಿತು. ಇವೆಲ್ಲ ಒಪ್ಪಿಗೆಯ ಕಥೆಗಳು. ಹಾಜರಿ ಪುಸ್ತಕವೇ ಇಲ್ಲದ ಮನೆಗೆಲಸದವಳು, ಅಂದರೆ ಮನೆಯನ್ನೇ ಕೆಲಸವಾಗಿ ಉಳ್ಳವಳು, ರಜೆಯ ಅರ್ಜಿಯನ್ನು ಯಾರಿಗೆ ಬರೆಯಬೇಕು? ನನ್ನ ಹೆಂಡತಿಯ ಕೆಲಸವೆಂದರೆ ಮುಖ್ಯವಾಗಿ ನನ್ನ ತಾಯಿ. ಅವರಿಗೆ ಎಪ್ಪತ್ತೊಂಬತ್ತು ವರ್ಷ. ನೆನಪು ಸ್ವಲ್ಪ ಸ್ವಲ್ಪವಾಗಿ ಜಾರುತ್ತಿದೆ. ಹಾಸನದಲ್ಲಿರುವ ನನ್ನ ತಂಗಿ ಅವರನ್ನು ಆ ಹದಿನೈದು ದಿನ ತನ್ನಲ್ಲಿ ಇರಿಸಿಕೊಂಡಳು.

ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ಆಕ್ಲೆಂಡ್. ಎಲ್ಲ ಸೇರಿ 11,000 ಕಿಲೋಮೀಟರಿಗೂ ಮಿಕ್ಕ ದಾರಿ. ವಿಮಾನದೊಳಗಿನ ಬವಣೆಯನ್ನು ಬಹಳ ಮಂದಿ ಬರೆದಿದ್ದಾರೆ, ನಾನು ಸೇರಿಸುವುದೇನೂ ಇಲ್ಲ. ಆ ದೇಶದವರು ಹೊರಗಿನ ತಿನಿಸು, ಬೀಜ, ಮಣ್ಣುಗಳ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮುಂಚಿತವಾಗಿ ಹೇಳದೆ ಒಯ್ದವರಿಗೆ ನಿಂತಲ್ಲೇ ಅವರ 400 ಡಾಲರ್ ದಂಡ. ನನ್ನ ಹೆಂಡತಿ ಚಟ್ನಿಪುಡಿಯನ್ನೂ ಮೆಂತ್ಯದ ಹಿಟ್ಟನ್ನೂ ಮೊದಲೇ ಘೋಷಿಸಿದ್ದಳು. ಅಧಿಕಾರಿ ಮೂಸಿನೋಡಿ, ಸೀನಿ, ಕಳಿಸಿಕೊಟ್ಟರು.

ಆಕ್ಲೆಂಡಿನ ಗಡಿಯಾರ ಮೇ ತಿಂಗಳಲ್ಲಿ ನಮ್ಮದಕ್ಕಿಂತ ಆರೂವರೆ ಗಂಟೆ ಮುಂದೆ. ಮೊದಲ ರಾತ್ರಿ ನಿದ್ದೆ ಬಾರದೆ ಹೊರಳಿ, ಬೆಳಗಿನ ಜಾವಕ್ಕೆ ಕಣ್ಣು ಮುಚ್ಚಿ, ನನ್ನ ಹೆಂಡತಿ ಎಂದಿನಂತೆ ಐದೂವರೆಗೆ ಸರಿಯಾಗಿ ಎದ್ದಳು. ಆ ಊರಿನಲ್ಲಿ ಆಗ ಮಟಮಟ ಮಧ್ಯಾಹ್ನ ಹನ್ನೆರಡು! ಚಳಿಗಾಲದ ಬಾಗಿಲಾದ್ದರಿಂದ ಐದು ಗಂಟೆ ಕಳೆಯುತ್ತಲೇ ಅಲ್ಲಿ ಸೂರ್ಯ ಮುಳುಗುತ್ತಿದ್ದ. ಆ ಸೂರ್ಯನೂ ಉತ್ತರದಲ್ಲಿ ತಗ್ಗಾಗಿ ನಿಂತಿದ್ದ. ಅವಳು ಕಿಟಕಿಯಲ್ಲಿ ಅದನ್ನು ಗಮನಿಸಿ, ಮಂಚದ ತಲೆದೆಸೆಯನ್ನೊಮ್ಮೆ ನೋಡಿ, “ರೀ, ಇಲ್ಲಿ ಉತ್ತರಕ್ಕೆ ತಲೆ ಹಾಕಿ ಮಲಗಬಹುದೋ ಏನೋ?” ಎಂದು ಕೇಳಿದಳು. ನಗುವ ಪ್ರಶ್ನೆಯಲ್ಲ. ಮನೆಯಲ್ಲಿ ಕಟ್ಟಿಕೊಂಡ ವಿಧಿಗಳು ಭೂಗೋಳದ ಆಚೆ ಬದಿಯಲ್ಲಿ ಎಷ್ಟರಮಟ್ಟಿಗೆ ನಡೆಯುತ್ತವೆ ಎಂಬುದೇ ನಾನು ಇಲ್ಲಿ ಕೇಳುತ್ತಿರುವುದೂ.

ಶರೀರದ ಈ ಗಡಿಯಾರವನ್ನು ವಿಜ್ಞಾನಿಗಳು ಚೆನ್ನಾಗಿ ಬಿಡಿಸಿ ನೋಡಿದ್ದಾರೆ. ಜೀವಕೋಶಗಳಲ್ಲಿ ಅದು ನಡೆಯುವ ಕ್ರಮವನ್ನು ಕಂಡುಹಿಡಿದದ್ದಕ್ಕಾಗಿ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಮಿದುಳಿನೊಳಗಿನ ಯಜಮಾನ ಗಡಿಯಾರ ಕಣ್ಣಿಗೆ ಬೀಳುವ ಬೆಳಕಿನಿಂದ ತನ್ನನ್ನು ತಿದ್ದಿಕೊಳ್ಳುತ್ತದೆ; ಯಕೃತ್ತು ಮೊದಲಾದ ಅಂಗಗಳಿಗೂ ಸ್ವಂತ ಗಡಿಯಾರಗಳಿದ್ದು ಅವು ಊಟದ ಹೊತ್ತನ್ನು ಅನುಸರಿಸುತ್ತವೆ. ದಿನಕ್ಕೆ ಸುಮಾರು ಒಂದು ಗಂಟೆಯಂತೆ ದೇಹ ಹೊಸ ಊರಿಗೆ ಹೊಂದಿಕೊಳ್ಳುತ್ತದೆ. ಪಶ್ಚಿಮಕ್ಕಿಂತ ಪೂರ್ವಕ್ಕೆ ಹೋದವರಿಗೆ ಕಷ್ಟ ಹೆಚ್ಚು. ಏಕೆಂದರೆ ನಮ್ಮ ಒಳಗಿನ ದಿನ ಇಪ್ಪತ್ತನಾಲ್ಕು ಗಂಟೆಗಿಂತ ತುಸು ಉದ್ದ, ಅದನ್ನು ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ.

ಆದರೆ ಬೆಳಕೂ ಊಟವೂ ಅಲ್ಲದ ಇನ್ನೊಂದು ಗಡಿಯಾರವನ್ನು ನಾನು ಅಲ್ಲಿ ಕಂಡೆ. ರಾತ್ರಿ ಮೂರು ಗಂಟೆಗೆ, ಎಂದರೆ ನಮ್ಮ ಎಂಟೂವರೆಗೆ, ನನ್ನ ಹೆಂಡತಿ ದೀಪ ಹಾಕದೆ ಎದ್ದು ಕೂರುತ್ತಿದ್ದಳು. ಮೊದಲ ದಿನ ನಾನು ಏನೆಂದು ಕೇಳಿದೆ. “ಅತ್ತೆಗೆ ಮಾತ್ರೆ ಕೊಡೋ ಹೊತ್ತು” ಎಂದಳು. ಮಾತ್ರೆಯನ್ನು ತಂಗಿ ಕೊಡುತ್ತಾಳೆಂದು ಅವಳಿಗೆ ಗೊತ್ತಿಲ್ಲದೆ ಇಲ್ಲ. ಚೀಟಿಯಲ್ಲಿ ಬರೆದುಕೊಟ್ಟು ಬಂದವಳು ಅವಳೇ. ಆದರೂ ಕೈ ಡಬ್ಬಿಯನ್ನು ಹುಡುಕುತ್ತಿತ್ತು. ನಾಲ್ಕು ರಾತ್ರಿ ಹೀಗೆಯೇ ನಡೆಯಿತು. ಆ ಹೊತ್ತಿನಲ್ಲಿ ಇಬ್ಬರೂ ಎಚ್ಚರವಾಗಿ, ಮಾಡಲು ಏನೂ ಇಲ್ಲದೆ, ಎದುರುಬದುರು ಕುಳಿತಿರುತ್ತಿದ್ದೆವು. ಹಾಲು, ಗ್ಯಾಸು, ಮಗಳ ಫೀಸು, ಅಮ್ಮನ ಊಟ ಇವುಗಳನ್ನು ತೆಗೆದುಹಾಕಿದ ಮೇಲೆ ನಮ್ಮ ಮಾತು ಅಷ್ಟೇನೂ ಉಳಿದಿರಲಿಲ್ಲ. ಎರಡನೆಯ ರಾತ್ರಿ ಅವಳು ತನ್ನ ತವರಿನ ಕೆರೆಯಲ್ಲಿ ಈಜು ಕಲಿತದ್ದನ್ನು ಹೇಳಿದಳು. ಅವಳಿಗೆ ಈಜು ಬರುತ್ತದೆಂಬುದು ನನಗೆ ಹೊಸದು.

ಐದನೆಯ ರಾತ್ರಿ ಮೂರು ಗಂಟೆಗೆ ಅವಳು ಏಳಲಿಲ್ಲ. ಬೆಳಿಗ್ಗೆ ಚಹ ಕುಡಿಯುತ್ತ, “ರಾತ್ರಿ ಅತ್ತೆಯ ಮಾತ್ರೆ ನೆನಪೇ ಆಗಲಿಲ್ಲ ರೀ” ಎಂದಳು. ಆ ದನಿಯಲ್ಲಿ ಸಂತೋಷವಿತ್ತೆನ್ನಲಾರೆ, ದುಃಖವೂ ಅಲ್ಲ. ಕೊರಳಿಗೆ ಕೈಹಾಕಿ ಸರ ಇಲ್ಲವೆಂದು ಕಂಡವರ ದನಿ ಅದು.

ಇಲ್ಲಿ ಎರಡು ಬಗೆಯ ಜನ ಎರಡು ಮಾತು ಹೇಳುತ್ತಾರೆ. ಪ್ರವಾಸದ ಜಾಹೀರಾತಿನವರು, ಕರ್ತವ್ಯದ ಹೊರೆ ಇಳಿಸಿದರೆ ಅಡಿಯಲ್ಲಿ ನಿಜವಾದ ನೀವು ಸಿಕ್ಕುತ್ತೀರಿ ಎನ್ನುತ್ತಾರೆ. ಹಳೆಯ ಕಾಲದ ಹಿರಿಯರು, ಸಂಬಂಧಗಳನ್ನೆಲ್ಲ ಕಳೆದರೆ ಅಡಿಯಲ್ಲಿ ಏನೂ ಉಳಿಯುವುದಿಲ್ಲ, ಮನುಷ್ಯನೆಂದರೆ ಆ ಋಣಗಳೇ ಎನ್ನುತ್ತಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಮಾತ್ರೆಯ ಹೊತ್ತಿಗೆ ಏಳುವವಳು ಸುಳ್ಳು, ಈಜು ಬಲ್ಲ ಹುಡುಗಿಯೇ ನಿಜ ಎನ್ನುವುದು ಇಪ್ಪತ್ತೆರಡು ವರ್ಷದ ಬಾಳಿಗೆ ಮಾಡುವ ಅವಮಾನ. ಆ ಎಚ್ಚರ ಅವಳ ಮೇಲೆ ಹೇರಿದ ಹೊರೆಯಾಗಿ ಉಳಿದಿಲ್ಲ. ಮೂಳೆಗಿಳಿದಿದೆ, ಅವಳೇ ಆಗಿದೆ. ಆದರೆ ಒಂದು ರಾತ್ರಿಯೂ ಬಿಟ್ಟಿರಲಾರದ ಮಮತೆ ಮಮತೆಯೋ, ಅಭ್ಯಾಸವೋ, ಅಥವಾ ತಾನಿಲ್ಲದೆ ಮನೆ ನಡೆಯದೆಂಬ ಭಯವೋ ಎಂಬುದನ್ನು ಬಿಟ್ಟುನೋಡದೆ ಅರಿಯುವುದು ಹೇಗೆ? ಮುಷ್ಟಿ ಬಿಚ್ಚಲು ಬಾರದ ಕೈಯನ್ನು ಹಿಡಿಯಬಲ್ಲ ಕೈಯೆನ್ನುವುದಿಲ್ಲ. ವಾಯು ಹಿಡಿದಿದೆ ಎನ್ನುತ್ತೇವೆ. ಅವಳು ಮರೆತದ್ದರಿಂದ ನನ್ನ ತಾಯಿಗೆ ಎಳ್ಳಷ್ಟೂ ಕೊರತೆಯಾಗಲಿಲ್ಲ. ಮರೆತ ಮರುದಿನ ಮಧ್ಯಾಹ್ನ ಅವಳು ಮೌಂಗಾಫಾವು ಎಂಬ ಆರಿದ ಜ್ವಾಲಾಮುಖಿಯ ತುದಿಗೆ ನನಗಿಂತ ಮೊದಲು ಹತ್ತಿ, ಮಾವೊರಿ ಜನ ಪವಿತ್ರವೆಂದು ಕಾಣುವ ಆ ಹಸುರು ಬಾಣಲೆಯಂಥ ಕುಳಿಯ ಅಂಚಿನಲ್ಲಿ ಒಂದು ಗಂಟೆ ಏನೂ ಮಾಡದೆ ಕುಳಿತಳು. ಒಂದು ಫೋಟೋ ಕೂಡ ತೆಗೆಯಲಿಲ್ಲ. ಊರಿಗೆ ಲೆಕ್ಕ ಒಪ್ಪಿಸಬೇಕೆಂಬ ಆತಂಕವೂ ಅಲ್ಲಿಗೆ ಬಿಟ್ಟಿತೆಂದು ತೋರಿತು.

ಇಷ್ಟಕ್ಕೆ ನಿಲ್ಲಿಸಿದರೆ ಈ ಬರಹವೂ ಒಂದು ಜಾಹೀರಾತಾದೀತು. ಆ ಸಂಜೆ ಫೋನಿನಲ್ಲಿ ತಂಗಿ, “ಅತ್ತಿಗೆ, ರಾತ್ರಿ ಅಮ್ಮ ಮೂರು ಸಲ ಎದ್ದು ಬಾಗಿಲು ತೆಗೀತಾಳೆ. ನೀವು ಇದನ್ನ ದಿನಾ ಹೇಗೆ ಮಾಡ್ತೀರಿ?” ಎಂದು ಕೇಳಿದಳು. ದೂರಲ್ಲ, ದನಿ ಬಳಲಿತ್ತು ಅಷ್ಟೆ. ಮನೆಯೊಳಗೆ ಬಿಡುವೆಂಬುದು ಶೂನ್ಯದಿಂದ ಹುಟ್ಟುವುದಿಲ್ಲ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದಿರುತ್ತಾರೆ, ಸಾಮಾನ್ಯವಾಗಿ ಇನ್ನೊಬ್ಬ ಹೆಂಗಸು. ವಿಮಾನದ ಹೊಗೆಯ ಲೆಕ್ಕವೂ ಇಂಥದೇ. ಅಷ್ಟು ದೂರ ಹೋಗಿಬರುವ ಒಂದು ಸೀಟಿನ ಪಾಲಿಗೆ ಒಂದು ಟನ್ನಿಗೂ ಮಿಕ್ಕ ಇಂಗಾಲಾಮ್ಲ ಬೀಳುತ್ತದೆ. ಸರಾಸರಿ ಭಾರತೀಯನೊಬ್ಬನ ಇಡೀ ವರ್ಷದ ಪಾಲೇ ಎರಡು ಟನ್ನಿನ ಆಸುಪಾಸು. ಅದನ್ನು ಹೊರುವವರ ಮುಖ ನಮಗೆ ಕಾಣದು, ಹಾಗಾಗಿ ಅದರ ಸಾಲ ತೀರಿಸುವುದು ಹೆಚ್ಚು ಕಠಿಣ. ಅಷ್ಟು ದೂರ ಇನ್ನೊಮ್ಮೆ ಹೋಗುವುದು ಬೇಡವೆಂದು ಇಬ್ಬರೂ ನಿಶ್ಚಯಿಸಿದ್ದೇವೆ. ಕಾಣುವ ಸಾಲವಾದರೂ ತೀರಬೇಡವೆ? ಸುಖಪಡಲಿಲ್ಲವೆಂದು ನಟಿಸಿ, ‘ಏನಿದ್ದರೂ ನಮ್ಮೂರೇ ಮೇಲು’ ಎಂದು ನಾಲ್ಕು ಜನರೆದುರು ಹೇಳಿ ಅದನ್ನು ತೀರಿಸುವ ವಾಡಿಕೆ ನಮ್ಮಲ್ಲಿದೆ. ಅದರಿಂದ ಹಾಸನದಲ್ಲಿ ನಿದ್ದೆಗೆಟ್ಟವಳಿಗೆ ಒಂದು ಗಳಿಗೆಯ ನಿದ್ದೆಯೂ ಹಿಂದಿರುಗುವುದಿಲ್ಲ.

ಬರುವ ದಸರೆಗೆ ತಂಗಿಯ ಅತ್ತೆಮಾವಂದಿರನ್ನೂ ನಮ್ಮಲ್ಲಿಗೇ ಕಳಿಸಿಕೊಡುವಂತೆ ನನ್ನ ಹೆಂಡತಿ ಹೇಳಿದ್ದಾಳೆ. ಹತ್ತು ದಿನ ಮೂವರು ವೃದ್ಧರು. ಕಾಲೇಜಿಗೂ ರಜೆ, ಮಾತ್ರೆಗಳ ಚೀಟಿಯನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಎಲ್ಲಿಗೆ ಹೋಗುವುದೆಂಬುದು ಹಾಸನದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅವಳ ಗಂಡ ಹೇಗೂ ಹೊರಡುವುದೇ ಆದರೆ ಕಾಶಿಗೆ ಹೋಗಿಬಿಡೋಣ ಎನ್ನುತ್ತಾನೆ. ಅವಳು, ಎಲ್ಲಿಯೂ ಬೇಡ, ಮನೆ ಖಾಲಿಯಿದ್ದರೆ ಸಾಕು, ಮೊದಲ ನಾಲ್ಕು ದಿನ ಮಲಗಿ ಆಮೇಲೆ ಹೇಳುತ್ತೇನೆ ಎನ್ನುತ್ತಿದ್ದಾಳೆ.