ದಿಗ್ವ್ರತವೂ ದೂರದೇಶದ ಜೀವರಕ್ಷಣೆಯೂ

ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತ, ಹೀಗೆ ಗೃಹಸ್ಥನಿಗೆ ಹನ್ನೆರಡು ವ್ರತಗಳನ್ನು ಪೂರ್ವಾಚಾರ್ಯರು ವಿಧಿಸಿದ್ದಾರೆ. ಇವುಗಳಲ್ಲಿ ದಿಗ್ವ್ರತದ ಹೆಸರು ನಿತ್ಯದ ಮಾತಿನಲ್ಲಿ ಕೇಳಿಬರುವುದು ಕಡಿಮೆ. ಊರು, ಸಂತೆ, ತೀರ್ಥಕ್ಷೇತ್ರಗಳನ್ನು ದಾಟಿ ಹೋಗುವ ಪ್ರಸಂಗವೇ ವಿರಳವಾಗಿದ್ದ ಕಾಲದಲ್ಲಿ ಆ ವ್ರತ ತಾನಾಗಿಯೇ ಪಾಲಿತವಾಗುತ್ತಿತ್ತು. ಈಗ ಹಾಗಿಲ್ಲ. ಮನೆಮನೆಯ ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಸಮುದ್ರ ದಾಟುತ್ತಾರೆ. ಅವರಲ್ಲಿ ಕೆಲವರು ರಜೆಯ ವಾರಗಳಲ್ಲಿ ಅರಣ್ಯ, ಕಡಲು, ಪ್ರಾಣಿಸಂಕುಲಗಳ ರಕ್ಷಣೆಗಾಗಿ ನಡೆಯುವ ಶಿಬಿರಗಳಲ್ಲಿ ತಂಗಿ ಸ್ವಯಂಸೇವೆ ಮಾಡಲು ಬಯಸುತ್ತಾರೆ. ಹಿರಿಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಜೀವರಕ್ಷಣೆಗೆಂದು ಅಷ್ಟು ದೂರ ಹೋಗುವುದು ಧರ್ಮವೋ, ವ್ರತಭಂಗವೋ?

ಉತ್ತರಕ್ಕೆ ಮೊದಲು ವ್ರತದ ಸ್ವರೂಪವನ್ನು ತಿಳಿಯಬೇಕು. ಹತ್ತು ದಿಕ್ಕುಗಳಲ್ಲಿಯೂ ಸಮುದ್ರ, ನದಿ, ಪರ್ವತ, ಜನಪದ ಮುಂತಾದ ಪ್ರಸಿದ್ಧ ಗುರುತುಗಳಿಂದ ಎಲ್ಲೆಯನ್ನು ನಿಶ್ಚಯಿಸಿ, ಜೀವನಪರ್ಯಂತ ಅದರಾಚೆಗೆ ಹೋಗೆನೆಂದು ಸಂಕಲ್ಪಿಸುವುದೇ ದಿಗ್ವ್ರತ. ಎಲ್ಲೆಯ ಹೊರಗಿನ ಸೂಕ್ಷ್ಮ ಪಾಪದಿಂದಲೂ ಆತನು ನಿವೃತ್ತನಾಗುವುದೇ ಅದರ ಫಲ. ಇದಕ್ಕೆ ಐದು ಅತಿಚಾರಗಳಿವೆ. ಮೇಲೆ, ಕೆಳಗೆ, ಅಡ್ಡಲಾಗಿ ಮೀರುವುದು ಮೂರು, ಮಾಡಿಕೊಂಡ ಮಿತಿಯನ್ನು ಮರೆಯುವುದು ಒಂದು, ಕ್ಷೇತ್ರವೃದ್ಧಿ ಇನ್ನೊಂದು. ಒಂದು ದಿಕ್ಕಿನಲ್ಲಿ ಕಡಿಮೆ ಮಾಡಿ ಬೇರೊಂದು ದಿಕ್ಕಿನಲ್ಲಿ ಹೆಚ್ಚಿಸಿಕೊಳ್ಳುವ ಜಾಣತನಕ್ಕೂ ಇಲ್ಲಿ ಅವಕಾಶವಿಲ್ಲ. ಆದುದರಿಂದ ಭಾರತವೇ ತನ್ನ ಎಲ್ಲೆಯೆಂದು ವ್ರತ ಹೊತ್ತವನು, ಸೇವೆಯ ನೆಪದಿಂದಲೂ ಅದನ್ನು ಸಡಿಲಿಸಬಾರದು. ಇನ್ನೂ ವ್ರತ ಹೊರದವನು ಹೊರಡುವ ಮೊದಲೇ ತನ್ನ ಮಿತಿಯನ್ನು ಗುರುಸಾಕ್ಷಿಯಾಗಿ ನಿಶ್ಚಯಿಸಿಕೊಳ್ಳುವುದು ಲೇಸು.

ಎಲ್ಲೆಯೊಳಗಾದರೂ ಪ್ರಯಾಣಕ್ಕೆ ಪ್ರಯೋಜನವಿರಬೇಕು. ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡವನ್ನು ಕಡಿಯುವುದು ಇವುಗಳ ಜೊತೆಯಲ್ಲಿಯೇ, ಸುಮ್ಮನೆ ತಿರುಗುವುದನ್ನೂ ತಿರುಗಿಸುವುದನ್ನೂ ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಸೇವೆಯ ಹೆಸರನ್ನಿಟ್ಟುಕೊಂಡು ದೇಶ ನೋಡುವ ಆಸೆಯೊಂದೇ ಒಳಗಿದ್ದರೆ, ಆ ಪ್ರಯಾಣವೂ ಪ್ರಮಾದಚರ್ಯೆಯೇ.

ಪ್ರಯೋಜನವುಳ್ಳ ಸೇವೆ ಎಂತಹುದೆಂಬುದಕ್ಕೆ ಒಂದು ನಿದರ್ಶನವನ್ನು ನೋಡಬಹುದು. ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ಪೂರ್ವ ಕರಾವಳಿಯಲ್ಲಿ ಟೋರ್ಟುಗೆರೊ ಎಂಬ ಸ್ಥಳವಿದೆ. ಆ ಹೆಸರೇ ಆಮೆಯಿಂದ ಬಂದುದು. ಸುಮಾರು 35 ಕಿಲೋಮೀಟರ್ ಉದ್ದದ ಅಲ್ಲಿನ ಮರಳದಂಡೆಗೆ ಹಸಿರು ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೆಳೆದ ಹಸಿರಾಮೆಯ ಮುಖ್ಯ ಆಹಾರ ಕಡಲ ಹುಲ್ಲು ಮತ್ತು ಪಾಚಿ. ಹುಲ್ಲು ಮೇಯ್ದು ಬದುಕುವ ಈ ಪಂಚೇಂದ್ರಿಯ ಜೀವಿಯನ್ನು ಅದರ ಮಾಂಸಕ್ಕಾಗಿ, ಮೊಟ್ಟೆಗಾಗಿ, ಶ್ರೀಮಂತರ ಭೋಜನದ ಸಾರಿಗಾಗಿ ಮನುಷ್ಯರು ಲೆಕ್ಕವಿಲ್ಲದೆ ಕೊಂದರು. 1950ರ ದಶಕದಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಆರ್ಚಿ ಕಾರ್ ಅಲ್ಲಿ ಅಧ್ಯಯನವನ್ನು ಆರಂಭಿಸಿದರು. 1959ರಲ್ಲಿ ರಕ್ಷಣೆಗೆಂದೇ ಒಂದು ಸಂಸ್ಥೆ ಸ್ಥಾಪಿತವಾಯಿತು. 1975ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಹಲವು ದೇಶಗಳಿಂದ ಬಂದ ಸ್ವಯಂಸೇವಕರು ಅಲ್ಲಿ ವಾರಗಟ್ಟಲೆ ತಂಗಿ, ಮಳೆಯಲ್ಲಿಯೂ ಕತ್ತಲೆಯಲ್ಲಿಯೂ ದಂಡೆಯ ಮೇಲೆ ನಡೆದು ಕಾವಲು ಕಾಯುತ್ತಾರೆ.

ಆ ಕೆಲಸದ ಕ್ರಮವೇ ಒಂದು ಸಂಯಮಪಾಠ. ಬಿಳಿಯ ಬೆಳಕು ಕಂಡರೆ ತಾಯಾಮೆ ಬೆದರಿ ಹಿಂದಿರುಗುವುದರಿಂದ ಮಸುಕಾದ ಕೆಂಪು ದೀಪವನ್ನಷ್ಟೇ ಬಳಸಬೇಕು, ಕಪ್ಪು ಬಟ್ಟೆ ತೊಡಬೇಕು, ಮಾತನ್ನು ತಗ್ಗಿಸಬೇಕು. ಅದು ಗುಂಡಿ ತೋಡಿ ಮೊಟ್ಟೆಯಿಡಲು ಆರಂಭಿಸುವವರೆಗೆ ದೂರದಲ್ಲಿಯೇ ನಿಲ್ಲಬೇಕು. ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ತಾಯಿ ಕಡಲಿಗೆ ಮರಳುತ್ತದೆ. ಸುಮಾರು ಎರಡು ತಿಂಗಳ ಬಳಿಕ ಮರಿಗಳು ಹೊರಬಂದು, ಬಾನಂಚಿನ ಬೆಳಕನ್ನು ಅನುಸರಿಸಿ ನೀರಿನತ್ತ ಓಡುತ್ತವೆ. ದಂಡೆಯಲ್ಲಿ ಮನುಷ್ಯರ ದೀಪ ಉರಿಯುತ್ತಿದ್ದರೆ ದಾರಿತಪ್ಪಿ ಸಾಯುತ್ತವೆ. ಒಬ್ಬನು ದೀಪವಾರಿಸಿದರೂ ಸಾಕು, ಅದು ಆ ಮರಿಗಳಿಗೆ ಅಭಯದಾನ.

ಆಮೆಯು ಇಪ್ಪತ್ತನೆಯ ತೀರ್ಥಂಕರರಾದ ಮುನಿಸುವ್ರತ ಸ್ವಾಮಿಯ ಲಾಂಛನ. ಅಂಗಗಳನ್ನು ಚಿಪ್ಪಿನೊಳಗೆ ಸೆಳೆದುಕೊಳ್ಳುವ ಆಮೆಯನ್ನು ಇಂದ್ರಿಯನಿಗ್ರಹಕ್ಕೆ ಉಪಮಾನವಾಗಿ ಹೇಳುವುದುಂಟು. ಆದರೆ ಕಡಲಾಮೆಗೆ ತಲೆಯನ್ನಾಗಲಿ ಕಾಲುಗಳನ್ನಾಗಲಿ ಹಾಗೆ ಸೆಳೆದುಕೊಳ್ಳುವ ಶಕ್ತಿಯಿಲ್ಲ. ಮರಳಿನ ಮೇಲಿರುವಷ್ಟು ಹೊತ್ತೂ ಅದು ನಿರಾಶ್ರಯ. ಆ ವೇಳೆಯಲ್ಲಿ ಮನುಷ್ಯನು ತನ್ನ ಕೈ, ಕಣ್ಣು, ನಾಲಗೆಗಳನ್ನು ಒಳಗೆಳೆದುಕೊಂಡರೆ ಅವನ ಸಂಯಮವೇ ಅದಕ್ಕೆ ಚಿಪ್ಪಾಗುತ್ತದೆ.

ಹಾಗೆಂದು ಸಂರಕ್ಷಣೆಯೆಂಬ ಹೆಸರುಳ್ಳ ಎಲ್ಲ ಸೇವೆಯೂ ಶ್ರಾವಕನಿಗೆ ಯೋಗ್ಯವಲ್ಲ. ನ್ಯೂಜಿಲೆಂಡ್ ಸರಕಾರವು ಹೊರಗಿನಿಂದ ಬಂದ ಇಲಿ, ಸ್ಟೋಟ್ ಎಂಬ ಮುಂಗುಸಿಯಂತಹ ಪ್ರಾಣಿ, ಪಾಸಮ್ ಮುಂತಾದವುಗಳನ್ನು 2050ರೊಳಗೆ ನಿರ್ಮೂಲಗೊಳಿಸುವ ಗುರಿಯನ್ನು 2016ರಲ್ಲಿ ಘೋಷಿಸಿತು. ನೆಲದ ಮೇಲೆ ಗೂಡುಕಟ್ಟುವ ಅಲ್ಲಿನ ಪಕ್ಷಿಗಳು ಇವುಗಳಿಂದ ಅಳಿಯುತ್ತಿವೆ ಎಂಬುದು ನಿಜ. ಅಲ್ಲಿ ಅನೇಕ ಸ್ವಯಂಸೇವಕರ ಕೆಲಸ ಬೋನುಗಳನ್ನು ಹೂಡುವುದು, ಸತ್ತವುಗಳನ್ನು ತೆಗೆಯುವುದು. ಒಂದು ಹಿಂಸ್ರಜೀವಿಯನ್ನು ಕೊಂದರೆ ಹಲವು ಜೀವಿಗಳು ಉಳಿಯುವುವಲ್ಲ ಎಂಬ ಈ ವಾದ ಹೊಸದೇನೂ ಅಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದೇ ವಾದವನ್ನು ಎತ್ತಿಕೊಂಡು, ಹಾಗೆ ಬಗೆದು ಹಿಂಸ್ರಜೀವಿಗಳನ್ನೂ ಕೊಲ್ಲಲಾಗದೆಂದು ಸ್ಪಷ್ಟವಾಗಿ ನಿಷೇಧಿಸಿದ್ದಾರೆ. ಕೊಲ್ಲುವ ಕೈ ತನ್ನದಾಗದೆ ಇನ್ನೊಬ್ಬನದಾದರೂ, ಕೃತ, ಕಾರಿತ, ಅನುಮೋದನೆಗಳಲ್ಲಿ ಒಂದು ತಗಲಿಯೇ ತೀರುತ್ತದೆ. ಪಕ್ಷಿಗಳ ಮೇಲಣ ಕರುಣೆಯಿಂದ ಹೊರಟವನು ಅಲ್ಲಿ ಸಸಿ ನೆಡುವ, ಬೀಜ ಕೂಡಿಡುವ ಕೆಲಸವನ್ನು ಕೇಳಿ ಪಡೆಯಬೇಕು. ದೊರೆಯದಿದ್ದರೆ ಹೋಗದಿರುವುದೇ ವ್ರತ.

ಟೋರ್ಟುಗೆರೊ ದಂಡೆಯಲ್ಲಿಯೂ ವಿವೇಕ ಬೇಕು. ಆಮೆಯ ಮುಂಗಾಲಿಗೆ ಸಂಖ್ಯೆಯುಳ್ಳ ಲೋಹದ ತುಣುಕನ್ನು ಚುಚ್ಚಿ ಗುರುತಿಡುವ ಪದ್ಧತಿಯಿದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಇವು ಅಹಿಂಸಾಣುವ್ರತದ ಅತಿಚಾರಗಳು. ಚುಚ್ಚುವುದು ಛೇದಕ್ಕೆ ಸಮೀಪವಾದುದು. ವೈದ್ಯನ ಶಸ್ತ್ರದಂತೆ ಹಿತಬುದ್ಧಿಯಿಂದ ಮಾಡಿದುದಕ್ಕೆ ಕ್ರೌರ್ಯದ ದೋಷವಿಲ್ಲವೆಂದು ಸಮಾಧಾನ ಹೇಳಬಹುದು. ಆದರೂ ವ್ರತಿಯು ಮೊಟ್ಟೆ ಎಣಿಸುವ, ಗೂಡಿನ ಸ್ಥಳ ಬರೆದಿಡುವ, ದಂಡೆಯ ಕಸ ತೆಗೆಯುವ ಕೆಲಸಗಳನ್ನೇ ಆರಿಸಿಕೊಳ್ಳುವುದು ಶ್ರೇಯಸ್ಕರ. ಅಲ್ಲಿನ ಕಾಡಿನ ಜಾಗ್ವಾರ್ ಕೆಲವೊಮ್ಮೆ ಆಮೆಯನ್ನು ಹಿಡಿಯುತ್ತದೆ. ಆಗ ಆಮೆಯಲ್ಲಿ ಕಾರುಣ್ಯವಿರಲಿ, ಜಾಗ್ವಾರ್‌ನಲ್ಲಿ ದ್ವೇಷ ಬೇಡ. ಅಲ್ಲಿ ಮಾಧ್ಯಸ್ಥ್ಯಭಾವನೆಯೇ ಶರಣು.

ಇನ್ನು ಆಹಾರ ಮತ್ತು ಉಪವಾಸದ ವಿಚಾರ. ಶಿಬಿರದ ಅಡಿಗೆ ಎಲ್ಲರಿಗೂ ಒಂದೇ ಆಗಿರುವುದುಂಟು. ಮದ್ಯ, ಮಾಂಸ, ಮಧುಗಳ ತ್ಯಾಗ ಶ್ರಾವಕನ ಮೂಲಗುಣ. ಅದರಲ್ಲಿ ದೇಶಕಾಲದ ರಿಯಾಯಿತಿಯಿಲ್ಲ. ಅನ್ನ, ಕಾಳು, ಹಣ್ಣುಗಳಿಂದ ನಿರ್ವಾಹವಾಗುವುದೇ, ಬೇರೆ ಪಾತ್ರೆ ಸಿಗುವುದೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಬೇಕು. ಸಮಭಾಜಕ ವೃತ್ತಕ್ಕೆ ಹತ್ತಿರವಾದ ಆ ನಾಡಿನಲ್ಲಿ ವರ್ಷವಿಡೀ ಸಂಜೆ ಆರರ ಆಸುಪಾಸಿನಲ್ಲಿ ಸೂರ್ಯಾಸ್ತವಾಗುತ್ತದೆ. ರಾತ್ರಿಯ ಕಾವಲಿದ್ದರೂ ಅದಕ್ಕೆ ಮುಂಚೆಯೇ ಉಂಡು ರಾತ್ರಿಭೋಜನತ್ಯಾಗವನ್ನು ಪಾಲಿಸಬಹುದು. ನೀರು ಸೋಸುವ ಬಟ್ಟೆ ಜೊತೆಯಲ್ಲಿರಲಿ. ಸೋಸಿದ ನೀರಿನ ಮಿತಿ ಎರಡು ಘಳಿಗೆ, ಅಂದರೆ 48 ನಿಮಿಷವೆಂಬುದು ಮರೆಯದಿರಲಿ.

ಹಸಿರಾಮೆ ಮೊಟ್ಟೆಯಿಡುವ ಜುಲೈಯಿಂದ ಅಕ್ಟೋಬರ್‌ವರೆಗಿನ ಕಾಲವೂ ಇಲ್ಲಿ ಮುನಿಗಳು ಒಂದೆಡೆ ನಿಲ್ಲುವ ಚಾತುರ್ಮಾಸ್ಯವೂ ಬಹುಮಟ್ಟಿಗೆ ಒಂದೇ. ಭಾದ್ರಪದದ ದಶಲಕ್ಷಣಪರ್ವವೂ ಅದರ ನಡುವೆಯೇ ಬರುತ್ತದೆ. ಪ್ರೋಷಧೋಪವಾಸದ ದಿನ ನೋಡದೆ, ಗುಡಿಸದೆ ಇಡುವುದೂ ತೆಗೆಯುವುದೂ ಅತಿಚಾರವಾದುದರಿಂದ, ಕತ್ತಲೆಯ ದಂಡೆಯಲ್ಲಿ ನಡೆಯುವ ಕೆಲಸ ಆ ದಿನಕ್ಕೆ ಒಪ್ಪದು. ಅಷ್ಟಮಿ, ಚತುರ್ದಶಿಗಳನ್ನು ಮೊದಲೇ ತಿಳಿಸಿ ಬಿಡುವು ಪಡೆಯಬೇಕು. ಉಳಿದ ದಿನಗಳಲ್ಲಿ, ಈ ನದೀಮುಖದಿಂದ ಆ ಗುರುತಿನವರೆಗೆ ಮಾತ್ರವೆಂದು ದೇಶವ್ರತವನ್ನು ಕೈಗೊಂಡರೆ ಶಿಬಿರದ ಕಟ್ಟುಪಾಡೇ ಧರ್ಮದ ಕಟ್ಟುಪಾಡಾಗುತ್ತದೆ.

2025ರಲ್ಲಿ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಹಸಿರಾಮೆಯನ್ನು ಅಳಿವಿನಂಚಿನ ಶ್ರೇಣಿಯಿಂದ ಹೊರತೆಗೆಯಿತು. ಹಲವು ದಶಕಗಳ ಕಾಲ ಹಲವು ದಂಡೆಗಳಲ್ಲಿ ಹೆಸರಿಲ್ಲದವರು ನಿದ್ದೆಗೆಟ್ಟುದರ ಫಲವೂ ಅದರಲ್ಲಿದೆ. ದಿಗ್ವ್ರತದಿಂದ ಸ್ವದೇಶದಲ್ಲಿಯೇ ಉಳಿದವರಿಗೂ ಈ ಪುಣ್ಯ ದೂರವಿಲ್ಲ. ಉತ್ತರ ಕನ್ನಡದ ಕಡಲತೀರಕ್ಕೆ ಪ್ರತಿವರ್ಷ ಆಲಿವ್ ರಿಡ್ಲಿ ಆಮೆಗಳು ಬರುತ್ತವೆ. ಅಲ್ಲಿಯೂ ಗೂಡುಗಳಿಗೆ ಕಾವಲು ಬೇಕು.

ಹೋಗುವವನು ವ್ರತವನ್ನು ಜೊತೆಯಲ್ಲಿ ಕೊಂಡೊಯ್ಯಲಿ. ಉಳಿಯುವವನು ಕರುಣೆಯನ್ನು ಮನೆಯಲ್ಲಿ ಮುಚ್ಚಿಡದಿರಲಿ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಅಭಯವನ್ನು ನೀಡುವುದಕ್ಕೆ ಸಂಪತ್ತು ಬೇಕಿಲ್ಲ, ತನ್ನಿಂದ ಯಾವ ಜೀವಿಯೂ ಅಂಜದಂತೆ ಬಾಳಿದರೆ ಸಾಕು. ಸಕಲ ಜೀವಿಗಳಿಗೂ ಮಂಗಳವಾಗಲಿ.